ಮೂವತ್ತಮೂರೂವರೆ ಹೆಜ್ಜೆ: ರೋಮನ್ನರ ಕಾಲದ ಒಂದು ಗಜನಿಯ ಕಥೆ

ನಮ್ಮ ಸಂಘವು ಇಪ್ಪತ್ತೈದು ವರ್ಷಗಳನ್ನು ಪೂರೈಸಿ ಬೆಳ್ಳಿ ಹಬ್ಬವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಇತಿಹಾಸದ ಲೇಖನ ಬರೆದುಕೊಡಬೇಕೆಂದು ಸಂಚಿಕೆ ಸಮಿತಿಯವರು ಹೇಳಿದರು. ನಾವು ಕಲಿತದ್ದು ಎಸ್.ಎಸ್.ಎಲ್.ಸಿ. ವರೆಗೆ. ನಮಗೆ ಗೊತ್ತಿರುವುದು ಗಜನಿ, ಕಗ್ಗ ಭತ್ತ, ಕಟ್ಟೆ, ಉಪ್ಪುನೀರು. ಇತಿಹಾಸ ಅಂದರೆ ರಾಜರ ಯುದ್ಧ, ಇಸವಿ ಬಾಯಿಪಾಠ ಅಂತಲೇ ಶಾಲೆಯಲ್ಲಿ ತಿಳಿದಿದ್ದೆವು. ಆದರೆ ಕಟ್ಟೆಗೂ ಇತಿಹಾಸ ಉಂಟು, ಅದೂ ಎರಡು ಸಾವಿರ ವರ್ಷದ ಹತ್ತಿರದ್ದು ಎಂದು ಓದಿ ತಿಳಿದ ಮೇಲೆ ಅದನ್ನೇ ಬರೆಯೋಣ ಅನ್ನಿಸಿತು. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಬ್ರಿಟನ್ ದೇಶದ ಪಶ್ಚಿಮ ಭಾಗಕ್ಕೆ ವೇಲ್ಸ್ ಎಂದು ಹೆಸರು. ಅದರ ದಕ್ಷಿಣ ದಂಡೆಯಲ್ಲಿ ಸೆವರ್ನ್ ಎಂಬ ದೊಡ್ಡ ಹೊಳೆ ಸಮುದ್ರ ಸೇರುತ್ತದೆ. ಆ ಅಳಿವೆಯ ಬದಿಗೆ, ಕಾರ್ಡಿಫ್ ಪಟ್ಟಣದಿಂದ ಚೆಪ್‌ಸ್ಟೋ ಕಡೆಗೆ ಉದ್ದಕ್ಕೂ ಚಪ್ಪಟೆಯಾದ ಜವುಗು ಭೂಮಿ ಹಬ್ಬಿದೆ. ಗ್ವೆಂಟ್ ಲೆವೆಲ್ಸ್ ಎಂದು ಕರೆಯುತ್ತಾರೆ. ನಡುವೆ ಅಸ್ಕ್ ಹೊಳೆ ಹರಿಯುತ್ತದೆ. ಹೊಳೆಯ ಪಶ್ಚಿಮಕ್ಕೆ ವೆಂಟ್ಲೂಜ್, ಪೂರ್ವಕ್ಕೆ ಕಾಲ್ಡಿಕಾಟ್ ಎಂದು ಎರಡು ಪಾಲು. ಅಲ್ಲಿಯ ಉಬ್ಬರ ಎಷ್ಟು ಗೊತ್ತೇ? ದೊಡ್ಡ ಉಬ್ಬರದ ದಿನ ಇಳಿತಕ್ಕೂ ಏರಿಕೆಗೂ ಸುಮಾರು 14 ಮೀಟರ್ ಅಂತರ. ಅಂದರೆ ಒಂದು ದೊಡ್ಡ ತೆಂಗಿನ ಮರದಷ್ಟು! ಇಡೀ ಜಗತ್ತಿನಲ್ಲೇ ಅತಿ ಹೆಚ್ಚು ಉಬ್ಬರ ಇರುವ ಕೆಲವೇ ಜಾಗಗಳಲ್ಲಿ ಇದೊಂದು. ದೊಡ್ಡ ಉಬ್ಬರದ ನೀರಿನ ಮಟ್ಟಕ್ಕಿಂತ ಆ ಹೊಲಗಳು ಕೆಳಗಿವೆ. ಕಟ್ಟೆ ಇದೆ, ಹಾಗಾಗಿ ಊರು ಇದೆ. ನಮ್ಮ ಗಜನಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ರಿ.ಶ. 75ರ ಸುಮಾರಿಗೆ ರೋಮನ್ನರು ಅಸ್ಕ್ ಹೊಳೆಯ ದಂಡೆಯಲ್ಲಿ ಈಗ ಕಾರ್ಲಿಯನ್ ಎನ್ನುವ ಊರಲ್ಲಿ ಒಂದು ದೊಡ್ಡ ಕೋಟೆ ಕಟ್ಟಿದರು. ಆಗ ಅದರ ಹೆಸರು ಇಸ್ಕಾ. ಅಲ್ಲಿ ಎರಡನೇ ಆಗಸ್ಟಾ ಎಂಬ ಸೈನ್ಯ ಬೀಡುಬಿಟ್ಟಿತ್ತು, ಐದು ಸಾವಿರಕ್ಕೂ ಮಿಕ್ಕಿ ಜನ. ಅಷ್ಟು ಜನಕ್ಕೆ ಊಟ ಬೇಕು, ಕುದುರೆಗೆ, ಎತ್ತಿಗೆ ಮೇವು ಬೇಕು. ಹತ್ತಿರದಲ್ಲೇ ಉಪ್ಪುನೀರು ಹತ್ತಿ ಇಳಿಯುವ ಜವುಗು ನೆಲ ಖಾಲಿ ಬಿದ್ದಿತ್ತು. ಅದಕ್ಕೆ ಕಾಲುವೆ ತೋಡಿ, ನೀರು ಬಸಿದು, ಸಮುದ್ರವನ್ನು ಹೊರಗೆ ನಿಲ್ಲಿಸಿ ಹುಲ್ಲುಗಾವಲು ಮಾಡಿಕೊಂಡರು. ವೆಂಟ್ಲೂಜ್ ಪಾಲಿನಲ್ಲಿ ಈಗಲೂ ಕಾಣುವ ಉದ್ದುದ್ದ ಪಟ್ಟಿ ಹೊಲಗಳ ಗೆರೆ ಆ ಕಾಲದ್ದೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ.

ಇದೆಲ್ಲ ಗೊತ್ತಾದದ್ದು ಹೇಗೆ? ಇಲ್ಲಿ ಮೂರು ಸಾಕ್ಷಿಗಳನ್ನು ಹೇಳುತ್ತೇವೆ.

ಮೊದಲನೆಯದು ಒಂದು ಕಲ್ಲು. 1878ರಲ್ಲಿ ಗೋಲ್ಡ್‌ಕ್ಲಿಫ್ ಎಂಬ ಊರಿನ ಹತ್ತಿರ ಸಮುದ್ರ ದಂಡೆಯ ಕೆಸರಿನಲ್ಲಿ ಅದು ಸಿಕ್ಕಿತು. ಅದರ ಮೇಲೆ ಲ್ಯಾಟಿನ್ ಅಕ್ಷರ ಕೆತ್ತಿದ್ದಾರೆ. ದೇವರ ಹೆಸರಿಲ್ಲ, ಚಕ್ರವರ್ತಿಯ ಹೊಗಳಿಕೆಯೂ ಇಲ್ಲ. ಅದರ ಸಾರಾಂಶ ಇಷ್ಟೇ: ಮೊದಲನೇ ದಳದ ಸ್ಟೇಟೋರಿಯಸ್ ಮ್ಯಾಕ್ಸಿಮಸ್ ಎಂಬವನ ತುಕಡಿ ಮಾಡಿದ ಕೆಲಸ 33½ ಹೆಜ್ಜೆ. ರೋಮನ್ನರ ಒಂದು ಹೆಜ್ಜೆ ಅಂದರೆ ಎರಡು ಕಾಲೂ ಮುಂದಿಟ್ಟ ಅಳತೆ, ಐದು ಅಡಿ. ನಮ್ಮ ಲೆಕ್ಕಕ್ಕೆ ಸುಮಾರು 50 ಮೀಟರ್ ಆಯಿತು. ಅದು ಕಟ್ಟೆಯ ಕೆಲಸವೋ ಕಾಲುವೆಯ ಕೆಲಸವೋ ಎಂಬುದರಲ್ಲಿ ತಿಳಿದವರಲ್ಲಿ ಎರಡು ಮಾತಿದೆ. ಏನೇ ಇರಲಿ, ಸಾವಿರಾರು ಜನರಿಗೆ ಕೆಲಸವನ್ನು ಪಾಲು ಹಾಕಿ ಕೊಟ್ಟು, ಯಾರ ಪಾಲು ಎಲ್ಲಿಂದ ಎಷ್ಟು ಎಂದು ಕಲ್ಲು ನೆಟ್ಟಿದ್ದರು. ಅರ್ಧ ಹೆಜ್ಜೆಯನ್ನೂ ಲೆಕ್ಕದಿಂದ ಬಿಟ್ಟಿಲ್ಲ ನೋಡಿ. ಆ ಕಲ್ಲು ಈಗ ಕಾರ್ಲಿಯನ್ನಿನ ವಸ್ತು ಸಂಗ್ರಹಾಲಯದಲ್ಲಿದೆ.

ಎರಡನೆಯದು ಕಾರ್ಡಿಫ್ ಹತ್ತಿರದ ರಮ್ನಿ ಗ್ರೇಟ್ ವಾರ್ಫ್ ಎಂಬ ದಂಡೆ. ಅಲ್ಲಿ ಸಮುದ್ರ ನೆಲವನ್ನು ಕೊರೆದು ಕೊರೆದು, ರೋಮನ್ ಕಾಲದ ಕಾಲುವೆಗಳು ದಂಡೆಯ ಮೇಲೆ ತಾವಾಗಿ ಕಾಣಿಸಿಕೊಂಡವು. ಹೂಳು ತುಂಬಿದ ಕಾಲುವೆಯಲ್ಲಿ ಮಡಕೆ ಚೂರು, ಕಬ್ಬಿಣ ಕಾಯಿಸಿದ ಕಿಟ್ಟ, ದನ ಕುದುರೆಗಳ ಮೂಳೆ ಇವೆಲ್ಲ ಸಿಕ್ಕವು. ಜಾನ್ ಅಲೆನ್ ಮತ್ತು ಮೈಕೆಲ್ ಫುಲ್‌ಫರ್ಡ್ ಎಂಬ ಇಬ್ಬರು ವಿದ್ವಾಂಸರು 1986ರಲ್ಲಿ ಇದನ್ನು ವಿವರವಾಗಿ ಬರೆದು, ವೆಂಟ್ಲೂಜ್ ನೆಲವನ್ನು ಸಮುದ್ರದಿಂದ ಬಿಡಿಸಿದ್ದು ರೋಮನ್ನರ ಕಾಲದಲ್ಲೇ ಎಂದು ತೋರಿಸಿಕೊಟ್ಟರು. ಇಲ್ಲಿ ಒಂದು ಮಾತು ಗಮನಿಸಬೇಕು. ಆ ಹಳೆಯ ಕಾಲುವೆಗಳು ಇಂದಿನ ಕಟ್ಟೆಯ ಹೊರಗಿವೆ. ಅಂದರೆ ರೋಮನ್ನರು ಬಿಡಿಸಿಕೊಂಡ ನೆಲದ ಅಂಚನ್ನು ಸಮುದ್ರ ವಾಪಸು ತೆಗೆದುಕೊಂಡಿದೆ. ಜನ ಕಟ್ಟೆಯನ್ನು ಒಳಗೆ ಸರಿಸಿಕೊಂಡು ಬದುಕಿದ್ದಾರೆ.

ಮೂರನೆಯದು ಒಂದು ದೋಣಿ. 1993ರಲ್ಲಿ ಮೇಗರ್ ಎಂಬ ಊರಿನ ಹತ್ತಿರ ಬಾರ್ಲೆಂಡ್ಸ್ ಫಾರ್ಮ್ ಎನ್ನುವಲ್ಲಿ ಒಂದು ದೊಡ್ಡ ಉಗ್ರಾಣ ಕಟ್ಟಲು ನೆಲ ಅಗೆಯುವಾಗ, ಹೂಳು ತುಂಬಿಹೋಗಿದ್ದ ಹಳೆಯ ಕೋಡಿಯಲ್ಲಿ ಅದು ಸಿಕ್ಕಿತು. ಕ್ರಿ.ಶ. 300ರ ಸುಮಾರಿನದು. ಓಕ್ ಮರದ್ದು, ಉಳಿದ ಭಾಗವೇ ಸುಮಾರು ಒಂಬತ್ತೂವರೆ ಮೀಟರ್ ಉದ್ದ. ಹಲಗೆಗಳನ್ನು ಕಬ್ಬಿಣದ ದೊಡ್ಡ ಮೊಳೆಗಳಿಂದ ಅಡ್ಡ ಮರಕ್ಕೆ ಬಡಿದು ಮೊಳೆಯ ತುದಿಯನ್ನು ಮಡಚಿದ್ದಾರೆ. ಹಾಗಾದರೆ ಆ ಕೆಸರು ಬಯಲಿನ ಒಳಗೆ ಆಗ ಕೋಡಿಯಲ್ಲಿ ದೋಣಿ ಹೋಗಿ ಬರುತ್ತಿತ್ತು, ಸರಕು ಇಳಿಯುತ್ತಿತ್ತು ಎಂದಾಯಿತು.

ಹದಿನೇಳು ನೂರು ವರ್ಷ ಮರ ಹೇಗೆ ಉಳಿಯಿತು ಎಂದು ಕೆಲವರು ಕೇಳಬಹುದು. ನಮ್ಮಲ್ಲಿ ಕೆಸರಿನಲ್ಲಿ ಹುಗಿದ ಗೂಟ ಕಿತ್ತು ನೋಡಿದವರಿಗೆ ಇದು ಗೊತ್ತು. ಗಾಳಿ, ನೀರು ಎರಡೂ ತಾಗುವ ಕಡೆ ಮರ ಬೇಗ ಕುಂಬಾಗುತ್ತದೆ. ಸದಾ ಕೆಸರಿನ ಅಡಿಯಲ್ಲಿರುವ ತುದಿ ಗಟ್ಟಿಯಾಗೇ ಇರುತ್ತದೆ. ಗಾಳಿ ತಾಗದ ಜೇಡಿಯಲ್ಲಿ ಹುಳ, ಬೂಷ್ಟು ಬದುಕುವುದಿಲ್ಲ. ಹಾಗಾಗಿ ಒಣ ನೆಲದಲ್ಲಿ ಮಣ್ಣಾಗಿ ಹೋಗುವ ವಸ್ತು ಜವುಗಿನಲ್ಲಿ ಉಳಿಯುತ್ತದೆ.

ಈ ಕಥೆಗೂ ನಮ್ಮ ಕರ್ನಾಟಕಕ್ಕೂ ಒಂದು ಸಣ್ಣ ಸಂಬಂಧ ಇದೆ. ಕಾರ್ಲಿಯನ್ನಿನಲ್ಲಿ ರೋಮನ್ ಸೈನಿಕರ ದೊಡ್ಡ ಆಟದ ಕಣವನ್ನು 1926-27ರಲ್ಲಿ ಅಗೆಸಿದವರು ಮಾರ್ಟಿಮರ್ ವೀಲರ್ ದಂಪತಿಗಳು. ಅದೇ ವೀಲರ್ ಸಾಹೇಬರು ಮುಂದೆ ನಮ್ಮ ದೇಶದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ ಬಂದು 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಉತ್ಖನನ ಮಾಡಿಸಿದರು. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ. ಅಲ್ಲಿ ಕಟ್ಟೆ ಅಳೆದ ಜನರ ನಾಣ್ಯ ವ್ಯಾಪಾರದ ದಾರಿಯಲ್ಲಿ ನಮ್ಮ ದುರ್ಗದವರೆಗೂ ಬಂದಿತ್ತು.

ಇನ್ನು ಕಟ್ಟೆಯ ಮುಂದಿನ ಗತಿ. ರೋಮನ್ನರ ಆಡಳಿತ ಹೋದ ಮೇಲೆ ಕಾಲ್ಡಿಕಾಟ್ ಪಾಲಿಗೆ ಉಪ್ಪುನೀರು ನುಗ್ಗಿ ರೋಮನ್ ಕಾಲದ ನೆಲ ಹೂಳಿನ ಅಡಿ ಹೋಯಿತು. ಮತ್ತೆ ಅದನ್ನು ಬಿಡಿಸಲು ನೂರಾರು ವರ್ಷ ಬೇಕಾಯಿತು. 1113ರಲ್ಲಿ ಗೋಲ್ಡ್‌ಕ್ಲಿಫ್‌ನಲ್ಲಿ ಕ್ರೈಸ್ತ ಸನ್ಯಾಸಿಗಳ ಮಠ ಆಯಿತು. ಸನ್ಯಾಸಿಗಳ ಕಾಲುವೆ ಎಂಬ ಹೆಸರಿನ ಕಾಲುವೆ ಅಲ್ಲಿ ಇವತ್ತಿಗೂ ಇದೆ. 1607ರ ಜನವರಿ 30ರಂದು ಸಮುದ್ರ ಕಟ್ಟೆ ದಾಟಿ ಬಂತು. ಗೋಲ್ಡ್‌ಕ್ಲಿಫ್ ಇಗರ್ಜಿಯ ಗೋಡೆಯಲ್ಲಿ ಒಂದು ಹಿತ್ತಾಳೆ ಫಲಕ ಇದೆ, ಅಂದು ನೀರು ಬಂದ ಎತ್ತರಕ್ಕೇ ಅದನ್ನು ಜಡಿದಿದ್ದಾರೆ. ಆ ಒಂದು ಊರಿನಲ್ಲೇ 22 ಜನ ಮುಳುಗಿ ಸತ್ತರೆಂದು ಅದರಲ್ಲಿ ಬರೆದಿದೆ. ಕಟ್ಟೆ, ಕಾಲುವೆಗಳನ್ನು ನೋಡಿಕೊಳ್ಳಲು ಅಲ್ಲಿ ಹಿಂದಿನಿಂದ ಒಂದು ಮಂಡಳಿ ಇತ್ತು. ತನ್ನ ಜಮೀನಿನ ಪಾಲಿಗೆ ಬಂದ ಕಟ್ಟೆ ರಿಪೇರಿ ಮಾಡದವನಿಗೆ ದಂಡ ಹಾಕುತ್ತಿದ್ದರು. 1884ರಲ್ಲಿ ಅದು ಕಾಯಿದೆಯ ಹೊಸ ರೂಪ ಪಡೆಯಿತು. 2015ರಿಂದ ಆ ಕೆಲಸವನ್ನು ಅಲ್ಲಿಯ ಸರ್ಕಾರದ ಸಂಸ್ಥೆಯೇ ನೋಡುತ್ತಿದೆ. ಈ ಬಯಲಿನ ಮೇಲೆ ದೊಡ್ಡ ಹೆದ್ದಾರಿ ಹಾಯಿಸುವ ಯೋಜನೆಯೂ ಇತ್ತು, ಅದನ್ನು 2019ರಲ್ಲಿ ಕೈಬಿಟ್ಟರು.

ಈಗ ನಮ್ಮ ಮನೆ ಮಾತಿಗೆ ಬರುತ್ತೇವೆ. ಸದಸ್ಯ ಬಾಂಧವರಿಗೆ ನೆನಪಿರಬಹುದು, ಸಂಘ ಆಗುವುದಕ್ಕೆ ಮುಂಚೆ ನಮ್ಮ ಗಜನಿ ಕಟ್ಟೆ ಒಡೆದು ಉಪ್ಪುನೀರು ಒಳಗೆ ಬಂದಿತ್ತು. ಸಾದಾ ಉಪ್ಪಿಗೆ ಕಗ್ಗ ಜಗ್ಗುವುದಿಲ್ಲ. ಆದರೆ ಒಡೆದ ಕಟ್ಟೆಯಲ್ಲಿ ದಿನಕ್ಕೆ ಎರಡು ಸಲ ನೀರು ಹತ್ತಿ ಇಳಿದರೆ ಯಾವ ಭತ್ತ ತಾಳೀತು? ಆ ವರ್ಷ ಎಲ್ಲರೂ ಅಂಗಡಿ ಅಕ್ಕಿ ತಂದೆವು. ಯಾರ ತಪ್ಪು ಅಂತ ಊರಲ್ಲಿ ಬಹಳ ದಿನ ಜಗಳ ಆಯಿತು. ಇಂದು ಈ ಸಂಚಿಕೆಯಲ್ಲಿ ಹೇಳಿಬಿಡುತ್ತೇವೆ. ಒಡೆದ ಜಾಗ ನಮ್ಮ ಮನೆಯ ಪಾಲಿನದ್ದೇ. ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಬೇಕು ಅಂತ ಗೊತ್ತಿತ್ತು. ನಮ್ಮ ಗದ್ದೆ ಸ್ವಲ್ಪ ಎತ್ತರದಲ್ಲಿದೆ, ಹೋದರೆ ಕೆಳಗಿನವರದ್ದು ಹೋಗುತ್ತದೆ, ನಾಳೆ ಹಾಕಿದರಾಯ್ತು ಅಂತ ಉದಾಸೀನ ಮಾಡಿದೆವು. ನೀರು ಮಾತ್ರ ಎತ್ತರದ ಗದ್ದೆಯವರು, ತಗ್ಗಿನ ಗದ್ದೆಯವರು ಎಂದು ನೋಡಲಿಲ್ಲ. ಕೆಳಗಿನ ಮನೆಯ ಹಿರಿಯರು ಒಂದು ಮಾತೂ ಬಯ್ಯದೆ, "ತಮಾ, ಬಾ, ಬುಟ್ಟಿ ಹಿಡಿ" ಅಂತ ಕರೆದರು. ಆ ಮಾತು ಬಯ್ಗುಳಕ್ಕಿಂತ ಹೆಚ್ಚು ತಾಗಿತು. ಅವರು ಈಗ ಇಲ್ಲ. ಸಂಘದ ಮೊದಲ ಷೇರು ಹಾಕಿದವರಲ್ಲಿ ಅವರೂ ಒಬ್ಬರು.

ಆದ್ದರಿಂದ ಗೋಲ್ಡ್‌ಕ್ಲಿಫ್ ಕಲ್ಲಿನ ವಿಷಯ ಓದಿದಾಗ ನಮಗೆ ರೋಮನ್ನರ ವೈಭವ ಕಣ್ಣಿಗೆ ಬರಲಿಲ್ಲ, ನಮ್ಮ ಪಾಲಿನ ಕಟ್ಟೆಯೇ ಬಂತು. ಚಕ್ರವರ್ತಿಯ ಸೈನ್ಯವೇ ಆದರೂ ಒಬ್ಬೊಬ್ಬರ ಪಾಲು ಅಳೆದು ಕಲ್ಲು ನೆಡಬೇಕಾಯಿತು. ಒಬ್ಬನ ಪಾಲು ಬಿಟ್ಟರೆ ಉಳಿದವರು ಕಟ್ಟಿದ್ದೆಲ್ಲ ವ್ಯರ್ಥ. ಸಹಕಾರ ಅನ್ನುವುದಕ್ಕೆ ಭಾಷಣದಲ್ಲಿ ಬಹಳ ಅರ್ಥ ಹೇಳುತ್ತಾರೆ. ನಮಗೆ ತಿಳಿದ ಅರ್ಥ ಇದು: ನಮ್ಮ ಹೆಜ್ಜೆ ಎಷ್ಟೆಂದು ನಾವು ತಿಳಿದಿರಬೇಕು, ಅಷ್ಟನ್ನು ಕೇಳಿಸಿಕೊಳ್ಳದೆ ಮಾಡಬೇಕು. ಸಾಲದ ಕಂತು ಕಟ್ಟುವುದೂ ಅದೇ, ವಾರ್ಷಿಕ ಸಭೆಗೆ ಬಂದು ಲೆಕ್ಕ ಕೇಳುವುದೂ ಅದೇ.

ಇನ್ನೊಂದು ಸಣ್ಣ ವಿನಂತಿ. ಕಟ್ಟೆಗೆ ಮಣ್ಣು ತೆಗೆಯುವಾಗ, ಬಾವಿ ತೋಡುವಾಗ ಹಳೆಯ ಮಡಕೆ, ಮರದ ತುಂಡು, ಅಕ್ಷರದ ಕಲ್ಲು ಏನಾದರೂ ಸಿಕ್ಕರೆ ಒಡೆದು ಎಸೆಯಬೇಡಿ. ಶಾಲೆಯ ಮಾಸ್ತರರಿಗಾದರೂ ತೋರಿಸಿ. ನಮ್ಮ ಗಜನಿಯನ್ನು ಮೊದಲು ಬಿಡಿಸಿದ ಅಜ್ಜಂದಿರು ತಮ್ಮ ಹೆಸರನ್ನು ಎಲ್ಲೂ ಬರೆದಿಟ್ಟು ಹೋಗಿಲ್ಲ. ಅವರ ಗುರುತು ಇದ್ದರೆ ಆ ಕೆಸರಿನಲ್ಲೇ ಇರಬೇಕು.

ಸಂಘವು ಸುವರ್ಣ ಮಹೋತ್ಸವವನ್ನೂ ಕಾಣಲಿ, ಕಟ್ಟೆ ಗಟ್ಟಿಯಾಗಿರಲಿ, ಎಲ್ಲರ ಕಣಜದಲ್ಲಿ ಕಗ್ಗ ತುಂಬಲಿ ಎಂದು ಹಾರೈಸುತ್ತಾ ವಿರಮಿಸುತ್ತೇವೆ.