ಬೂರುಗದ ಹತ್ತಿಯಿಂದ ಫೋಮಿನವರೆಗೆ: ಕೂಸು ಬರುವ ಮನೆಯ ಹಾಸಿಗೆ

ಪಾಲಿಬೆಟ್ಟದಂಥ ಮಳೆಯೂರಲ್ಲಿ ಹಾಸಿಗೆಗೆ ತೇವವೇ ಶತ್ರು. ಹತ್ತಿ ಹಾಸಿಗೆ ಮಳೆಗಾಲದಲ್ಲಿ ತೇವ ಹೀರಿ ಗಂಟು ಕಟ್ಟುತ್ತದೆ. ಹಿಂದೆ ಪಿಂಜಾರರು ದೊಡ್ಡ ಬಿಲ್ಲಿನ ಹೆದೆ ಮೀಟಿ ಆ ಹತ್ತಿಯನ್ನು ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದರು. ಬೂರುಗದ ಹತ್ತಿ ಅಷ್ಟು ಬೇಗ ನೀರು ಹೀರುವುದಿಲ್ಲ, ಹಗುರವೂ ಹೌದು. ಆದರೆ ಮಲಗಿದಲ್ಲಿ ಕುಳಿ ಬೀಳುತ್ತದೆ.

ಆಮೇಲೆ ಬಂದದ್ದು ತೆಂಗಿನ ನಾರಿನ ಹಾಸಿಗೆ. ಸುರುಳಿ ಸುತ್ತಿದ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ, ಒತ್ತಿ, ಬಿಸಿ ಮಾಡಿ ತಯಾರಿಸುವ ಗಟ್ಟಿ ಹಾಸಿಗೆ ಇದು. 1962ರಲ್ಲಿ ಕರ್ನಾಟಕದಲ್ಲಿ ಹುಟ್ಟಿದ ಕರ್ಲಾನ್ ಇದರಿಂದಲೇ ಮನೆಮಾತಾಯಿತು. ಈಗ ಅಂಗಡಿ ತುಂಬ ಮೆತ್ತನೆಯ ಫೋಮ್.

ಕೂಸಿಗೆ ಮೆತ್ತಗಿದ್ದಷ್ಟೂ ಒಳ್ಳೆಯದು ಅನ್ನಿಸುವುದು ಸಹಜ. ಆದರೆ ಮೆತ್ತನೆಯ ಹಾಸಿಗೆಯಲ್ಲಿ ಮುಖ ಹುದುಗಿದರೆ ಎಳೆಗೂಸಿಗೆ ಉಸಿರು ಕಟ್ಟಬಹುದು. ಅಮೆರಿಕದಲ್ಲಿ 1994ರಲ್ಲಿ ಕೂಸುಗಳನ್ನು ಅಂಗಾತ ಮಲಗಿಸಿ ಎಂಬ ಅಭಿಯಾನ ಶುರುವಾಯಿತು. ಮುಂದಿನ ವರ್ಷಗಳಲ್ಲಿ ಅಲ್ಲಿ ನಿದ್ದೆಯಲ್ಲೇ ಹಠಾತ್ತನೆ ಸಾಯುವ ಕೂಸುಗಳ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು.

ಹಾಗಾಗಿ ಕೊಳ್ಳುವಾಗ ಅಂಗೈಯಿಂದ ಒತ್ತಿ ನೋಡಿ. ಕೈ ತೆಗೆದ ಮೇಲೂ ಗುರುತು ಉಳಿದರೆ ಆ ಹಾಸಿಗೆ ಕೂಸಿಗೆ ಬೇಡ. ಕೂಸಿನ ಪಕ್ಕ ದಿಂಬು, ದಪ್ಪ ಕಂಬಳಿಯೂ ಬೇಡ. ಗಟ್ಟಿ ಹಾಸು, ಅದರ ಮೇಲೆ ಬಿಗಿಯಾಗಿ ಹಾಸಿದ ಒಣ ಬಟ್ಟೆ, ಅಷ್ಟು ಸಾಕು.