ಹಬಸಿಗಳ ಮದುವೆ: ವಿಜಾಪುರದ ಬಾಣಬಿರುಸು, ಹೈದರಾಬಾದಿನ ಮರ್ಫಾ

ಮದುವೆಯ ಮುಹೂರ್ತಗಳು ಒತ್ತಾಗಿ ಬರುವ ತಿಂಗಳುಗಳಲ್ಲಿ ನಮ್ಮ ಸನತ್‌ನಗರದ ಬೀದಿಗಳಿಗೆ ವರನ ಮೆರವಣಿಗೆ ಬಂತೆಂಬುದನ್ನು ಕಣ್ಣಿಗಿಂತ ಮೊದಲು ಕಿವಿಯೇ ತಿಳಿಸುತ್ತದೆ. ಬ್ಯಾಂಡಿನವರ ತುತ್ತೂರಿ ಕೇಳಿಸುವ ಮುನ್ನವೇ ಮರ್ಫಾದ ಬಡಿತ ಬರುತ್ತದೆ. ಮುಸಲ್ಮಾನರ ಮದುವೆಯಲ್ಲಿಯೂ ಅದೇ, ತೆಲುಗರ ಮದುವೆಯಲ್ಲಿಯೂ ಅದೇ. ಕಲಬುರಗಿ, ಬೀದರ, ರಾಯಚೂರುಗಳಿಂದ ಬಂದು ಇಲ್ಲಿ ಬೇರೂರಿದ ನಮ್ಮ ಕನ್ನಡದ ಮನೆಗಳಲ್ಲಿಯೂ ಎಷ್ಟೋ ಮದುವೆಗಳಿಗೆ ಓಲಗದ ಜೊತೆಗೆ ಮರ್ಫಾವನ್ನು ಕರೆಸುವುದುಂಟು. ಈ ವಾದ್ಯ ಯಾರದೆಂದು ಕೇಳಿದರೆ ‘ಹೈದರಾಬಾದಿನದು’ ಎಂದು ಹೇಳಿ ಸುಮ್ಮನಾಗುತ್ತೇವೆ. ಅದನ್ನು ಬಾರಿಸುವ ಕೈಗಳ ಹಿಂದೆ ಆಫ್ರಿಕಾದ ಸಂಬಂಧವೊಂದಿದೆಯೆಂದೂ, ಆಫ್ರಿಕಾದವರ ಮದುವೆಯೊಂದು ನಾಲ್ಕು ನೂರು ವರ್ಷಗಳ ಹಿಂದೆ ನಮ್ಮ ಕನ್ನಡನಾಡಿನ ರಾಜಧಾನಿಯೊಂದರಲ್ಲಿಯೇ ಅರಸು ವೈಭವದಿಂದ ನಡೆಯಿತೆಂದೂ ಹೇಳಿದರೆ ವಾಚಕರಲ್ಲಿ ಕೆಲವರಿಗಾದರೂ ಸೋಜಿಗವೆನಿಸೀತು.

ಅಬಿಸೀನಿಯಕ್ಕೆ, ಅಂದರೆ ಇಂದಿನ ಇಥಿಯೋಪಿಯದ ಕಡೆಯ ನಾಡಿಗೆ, ಅರಬ್ಬರು ‘ಹಬಶ್’ ಎನ್ನುತ್ತಿದ್ದರು. ಅಲ್ಲಿಂದ ಬಂದವನು ಹಬಶಿ. ನಮ್ಮ ಬಾಯಲ್ಲಿ ಹಬಸಿ. ‘ಸಿದ್ದಿ’ ಎಂಬುದು ಅವರಿಗಿರುವ ಇನ್ನೊಂದು ಹೆಸರು. ಬಹಮನಿ ಸುಲ್ತಾನರ ಕಾಲದಿಂದಲೇ ದಖನ್ನಿನ ಅರಸರು ಇವರನ್ನು ಸಮುದ್ರದಾಚೆಯಿಂದ ತರಿಸಿಕೊಂಡು ಸೈನ್ಯದಲ್ಲಿಯೂ ಅರಮನೆಯಲ್ಲಿಯೂ ಇಟ್ಟುಕೊಂಡರು. ಬೀದರದ ಊರಾಚೆ ಇರುವ ಹಬ್ಶಿಕೋಟೆಯ ಗುಡ್ಡದ ಗೋರಿಗಳು ಆ ಕಾಲದ ಗುರುತು. ಅರಸರು ಹೀಗೆ ಮಾಡಲು ಕಾರಣವಿತ್ತು. ಊರಿನ ಸರದಾರನಿಗೆ ಅಣ್ಣತಮ್ಮಂದಿರು, ಮಾವಂದಿರು, ಅಳಿಯಂದಿರು ಎಂದು ಒಂದು ಬಣವೇ ಇರುತ್ತದೆ. ಅವನು ತಿರುಗಿಬಿದ್ದರೆ ಅವರೆಲ್ಲ ತಿರುಗಿಬೀಳುತ್ತಾರೆ. ಚಿಕ್ಕಂದಿನಲ್ಲಿಯೇ ತಾಯಿತಂದೆಯರಿಂದ ಬೇರೆಯಾಗಿ, ಸಂತೆಯಲ್ಲಿ ಮಾರಾಟವಾಗಿ ಬಂದ ಹುಡುಗನಿಗಾದರೋ ಯಜಮಾನನನ್ನು ಬಿಟ್ಟರೆ ಮತ್ತಾರೂ ಇಲ್ಲ. ನೆಂಟರಿಲ್ಲದಿರುವುದೇ ಅವನ ಯೋಗ್ಯತೆಯಾಯಿತು. ಅಂಥವನು ಬಿಡುಗಡೆ ಹೊಂದಿ, ಸರದಾರನಾಗಿ, ಮಕ್ಕಳ ಮದುವೆ ಮಾಡುವ ದಿನ ಬಂದಾಗ ಆ ಮದುವೆಯನ್ನು ಎಷ್ಟು ದೊಡ್ಡದಾಗಿ ಮಾಡಬೇಕೆನಿಸೀತೆಂಬುದನ್ನು ನಾವು ಊಹಿಸಿಕೊಳ್ಳಬಹುದು.

ಆ ಕಾಲದ ದಖನ್ನಿನಲ್ಲಿ ದೊಡ್ಡವರ ಮದುವೆಯೆಂದರೆ ಒಂದು ಒಪ್ಪಂದವೇ ಆಗಿತ್ತು. ಅಹಮದನಗರದ ಹುಸೇನ್ ನಿಜಾಮಶಾಹನ ಮಗಳು ಚಾಂದಬೀಬಿಯನ್ನು ವಿಜಾಪುರದ ಒಂದನೆಯ ಅಲಿ ಆದಿಲಶಾಹನಿಗೆ ಕೊಟ್ಟಾಗ ಬಳುವಳಿಯಾಗಿ ಬಂದದ್ದು ಸೊಲ್ಲಾಪುರದ ಕೋಟೆ. ಅಲಿಯ ತಂಗಿ ಅಹಮದನಗರದ ಸೊಸೆಯಾದಳು. ಈ ಕೊಡುಕೊಳ್ಳುವಿಕೆ ಮುಗಿದ ಸ್ವಲ್ಪ ಕಾಲದಲ್ಲಿಯೇ, 1565ರ ಜನವರಿಯಲ್ಲಿ, ಬೀಗರಿಬ್ಬರೂ ಒಂದಾಗಿ ರಕ್ಕಸಗಿ–ತಂಗಡಗಿಯ ರಣದಲ್ಲಿ ವಿಜಯನಗರದ ಎದುರು ನಿಂತರು. ಮುಂದಿನದು ನಮಗೆಲ್ಲ ಗೊತ್ತಿರುವ ಕಥೆ.

ಈ ಪದ್ಧತಿಯನ್ನು ಅರಿತು ಬಳಸಿದ ಹಬಸಿಯೆಂದರೆ ಮಲಿಕ್ ಅಂಬರ್. ಸುಮಾರು 1548ರಲ್ಲಿ ಇಥಿಯೋಪಿಯದಲ್ಲಿ ಹುಟ್ಟಿದ ಇವನ ಮೊದಲ ಹೆಸರು ಚಾಪು. ಕೆಂಪು ಸಮುದ್ರದ ಮೋಖಾ ರೇವಿನಲ್ಲಿ ಎಂಬತ್ತು ಗಿಲ್ಡರಿಗೆ ಮಾರಾಟವಾದನೆಂದು, 1617ರಲ್ಲಿ ಇವನನ್ನು ಕಂಡುಮಾತಾಡಿದ ಡಚ್ ವರ್ತಕ ಪೀಟರ್ ವಾನ್ ಡೆನ್ ಬ್ರೂಕ್ ಬರೆದಿದ್ದಾನೆ. ಬಾಗ್ದಾದಿನ ಯಜಮಾನನ ಕೈದಾಟಿ ದಖನ್ನಿಗೆ ಬಂದಾಗ ಇವನನ್ನು ಕೊಂಡವನು ಅಹಮದನಗರದ ಪೇಶ್ವೆ ಚಂಗೀಜ್ ಖಾನ್. ಆತನೂ ಒಂದು ಕಾಲದಲ್ಲಿ ಗುಲಾಮನಾಗಿದ್ದ ಹಬಸಿಯೇ. ಆ ಯಜಮಾನನ ಮರಣಾನಂತರ ಬಿಡುಗಡೆ ಹೊಂದಿದ ಅಂಬರ್ ಕೆಲಕಾಲ ವಿಜಾಪುರದ ಸೇವೆಯಲ್ಲಿದ್ದ; ‘ಮಲಿಕ್’ ಎಂಬ ಬಿರುದು ಬಂದದ್ದು ಅಲ್ಲಿಂದಲೇ. 1600ರಲ್ಲಿ ಅಹಮದನಗರದ ಕೋಟೆ ಮೊಗಲರ ವಶವಾದಾಗ, ಅಳಿದುಳಿದ ರಾಜ್ಯವನ್ನು ಹಿಡಿದು ನಿಲ್ಲಿಸಿದವನು ಇವನು. ರಾಜವಂಶದ ಹುಡುಗನೊಬ್ಬನನ್ನು ಎರಡನೆಯ ಮುರ್ತಜಾ ನಿಜಾಮಶಾಹನೆಂದು ಪಟ್ಟಕ್ಕೇರಿಸಿ, ತನ್ನ ಮಗಳನ್ನೇ ಅವನಿಗೆ ಮದುವೆಮಾಡಿಕೊಟ್ಟ. ಮೋಖಾದ ಸಂತೆಯ ಹುಡುಗ ಸುಲ್ತಾನನ ಮಾವನಾದ.

ಎರಡನೆಯ ಮದುವೆ ನಡೆದದ್ದು ವಿಜಾಪುರದಲ್ಲಿ, 1609ರಲ್ಲಿ. ಮೊಗಲರ ಸೈನ್ಯ ಮತ್ತೆ ದಕ್ಷಿಣಕ್ಕೆ ಬರುತ್ತಿತ್ತು. ಅಂಬರನಿಗೆ ವಿಜಾಪುರದ ನೆರವು ಬೇಕಾಗಿತ್ತು. ಅಲ್ಲಿನ ದೊರೆ ಎರಡನೆಯ ಇಬ್ರಾಹಿಂ ಆದಿಲಶಾಹ. ಸಂಗೀತದ ಹುಚ್ಚಿನಿಂದಲೂ ಸರಸ್ವತಿಯ ಮೇಲಣ ಭಕ್ತಿಯಿಂದಲೂ ನಮ್ಮ ಜನರ ಬಾಯಲ್ಲಿ ‘ಜಗದ್ಗುರು ಬಾದಶಹ’ ಎನಿಸಿಕೊಂಡವನು. ಹಬಸಿಗಳ ಬಲ ಎಷ್ಟೆಂಬುದು ಅವನಿಗೆ ಅನುಭವದಿಂದಲೇ ತಿಳಿದಿತ್ತು. ಒಂಬತ್ತು ವರ್ಷದ ಬಾಲಕನಾಗಿ ಪಟ್ಟಕ್ಕೆ ಬಂದ ಅವನ ಹೆಸರಿನಲ್ಲಿ ವರ್ಷಗಟ್ಟಲೆ ರಾಜ್ಯವಾಳಿದವನು ದಿಲಾವರ್ ಖಾನನೆಂಬ ಹಬಸಿ. 1590ರಲ್ಲಿ ಅವನ ಕೈಯಿಂದ ಬಿಡಿಸಿಕೊಂಡೇ ಇಬ್ರಾಹಿಂ ಸ್ವಂತ ಆಳಿಕೆ ನಡೆಸಿದ್ದು. ಈಗ ಅಂಬರ್ ತನ್ನ ಮಗ ಫತೇಖಾನನಿಗೆ ಹೆಣ್ಣು ತಂದದ್ದು ವಿಜಾಪುರದ ಪ್ರಬಲ ಹಬಸಿ ಸರದಾರ ಯಾಕೂತ್ ಖಾನನ ಮನೆಯಿಂದ. ಗಂಡಿನ ಕಡೆಯವರೂ ಆಫ್ರಿಕಾ ಮೂಲದವರು, ಹೆಣ್ಣಿನ ಕಡೆಯವರೂ ಆಫ್ರಿಕಾ ಮೂಲದವರು. ಮದುವೆಯ ಯಜಮಾನಿಕೆ ಮಾತ್ರ ಸುಲ್ತಾನನದು. ಫಾರಸಿ ಬಲ್ಲ ಮುನ್ಶಿಗಳು, ದಖನಿ ಆಡುವ ಸರದಾರರು, ಕನ್ನಡ ಮರಾಠಿಗಳ ಊರಮಂದಿ ಇದ್ದ ರಾಜಧಾನಿ ಅದು. ಬಾಣಬಿರುಸುಗಳಿಗೆ ಮಾತ್ರವೇ ಎಂಬತ್ತು ಸಾವಿರ ರೂಪಾಯಿ ವೆಚ್ಚವಾಯಿತೆಂದು ಇತಿಹಾಸಕಾರರು ಬರೆಯುತ್ತಾರೆ. ಇಂದು ಮದುವೆಯ ಗುತ್ತಿಗೆ ಹಿಡಿಯುವ ಕಂಪೆನಿಗಳು ಕೋಟಿಯ ಲೆಕ್ಕ ಹೇಳಿದರೆ ನಾವು ಬೆರಗಾಗುತ್ತೇವಷ್ಟೆ. ತಂದೆ ಎಂಬತ್ತು ಗಿಲ್ಡರಿಗೆ ಮಾರಾಟವಾದವನು, ಮಗನ ಮದುವೆಯ ಮತಾಪಿಗೆ ಎಂಬತ್ತು ಸಾವಿರ!

ಈ ವೆಚ್ಚದಿಂದ ಬಂದದ್ದೇನೆಂದು ಕೇಳಿದರೆ, ಮೊದಮೊದಲು ಬಹಳ ಬಂತು. ವಿಜಾಪುರ ಹತ್ತು ಸಾವಿರ ಸವಾರರನ್ನೂ ಕಂಧಾರದ ಕೋಟೆಯನ್ನೂ ಅಂಬರನಿಗೆ ಒಪ್ಪಿಸಿತು. ಮರು ವರ್ಷ, 1610ರಲ್ಲಿ, ಅಹಮದನಗರದ ಕೋಟೆ ಮತ್ತೆ ಅವನ ಕೈಸೇರಿತು. ಆದರೆ ಬೀಗತನ ಬಹಳ ಕಾಲ ಬಾಳಲಿಲ್ಲ. 1624ರ ಹೊತ್ತಿಗೆ ಅದೇ ಇಬ್ರಾಹಿಂ ಮೊಗಲರೊಡನೆ ಕೈಗೂಡಿಸಿದ. ಭಾತವಡಿಯ ಯುದ್ಧದಲ್ಲಿ ಅಂಬರ್ ಇಬ್ಬರನ್ನೂ ಒಟ್ಟಿಗೇ ಸೋಲಿಸಿದ. ವಿಜಾಪುರದ ಸೇನಾಪತಿ ಮುಲ್ಲಾ ಮುಹಮ್ಮದ್ ಲಾರಿ ಅಲ್ಲಿಯೇ ಮಡಿದ. ಬಳಿಕ ಅಂಬರನ ದಂಡು ವಿಜಾಪುರದ ಬಾಗಿಲಿಗೇ ಬಂದು, ಇಬ್ರಾಹಿಂ ಆಸೆಪಟ್ಟು ಕಟ್ಟಿಸಿದ ನವರಸಪುರವನ್ನು ಸುಲಿಯಿತು. ಯಾರ ಬಾಣಬಿರುಸನ್ನು ಹದಿನೈದು ವರ್ಷಗಳ ಹಿಂದೆ ಊರ ಜನ ಮಾಳಿಗೆಯ ಮೇಲೆ ನಿಂತು ನೋಡಿದ್ದರೋ, ಅವರ ಮನೆಯ ದಂಡೇ ಈಗ ಊರಿಗೆ ಬಂದಿತ್ತು. ಆ ಮದುವೆಯ ಮದುಮಗ ಫತೇಖಾನ್ ತಂದೆಯ ತರುವಾಯ 1633ರಲ್ಲಿ ದೌಲತಾಬಾದನ್ನು ಮೊಗಲರಿಗೆ ಒಪ್ಪಿಸಿದ.

ಮಗಳ ಮದುವೆಯ ಪರಿಣಾಮ ಇನ್ನೂ ಕಹಿ. ಇದನ್ನೂ ಮೇಲೆ ಹೇಳಿದ ಡಚ್ ವರ್ತಕನೇ ಬರೆದಿಟ್ಟಿದ್ದಾನೆ. ಮುರ್ತಜಾನ ಹಿರಿಯ ಹೆಂಡತಿ ಪರ್ಷಿಯದವಳು, ಬಿಳಿಯ ಮೈಬಣ್ಣದವಳು. ಅವಳು ಅಂಬರನ ಮಗಳನ್ನು ಕಾಫಿರಳೆಂದು ಹೀಯಾಳಿಸಿದಳಂತೆ. ಮಗಳು ತೌರಿಗೆ ಸುದ್ದಿ ಕಳುಹಿದಳು. ಅಂಬರ್ ಸುಲ್ತಾನನಿಗೂ ಆ ರಾಣಿಗೂ ವಿಷವಿಕ್ಕಿಸಿದನೆಂದು ವರ್ತಕನ ಹೇಳಿಕೆ. ಮುರ್ತಜಾ ಸತ್ತದ್ದು 1610ರಲ್ಲಿ. ಡಚ್ಚರವನಿಗೆ ಈ ಸುದ್ದಿ ಬಂದದ್ದು ಏಳು ವರ್ಷದ ಮೇಲೆ, ಪಾಳೆಯದ ಮಾತಿನಿಂದ. ಅದನ್ನು ಅಷ್ಟರಮಟ್ಟಿಗೇ ಇಟ್ಟುಕೊಳ್ಳುವುದು ಲೇಸು. ಆದರೆ ಆ ಜಗಳದ ಮಾತುಗಳು ಮಾತ್ರ ನಮಗೆ ನಂಬಲರ್ಹವಾಗಿ ತೋರುತ್ತವೆ. ರಾಜ್ಯವನ್ನೇ ಕೈಯಲ್ಲಿ ಹಿಡಿದವನ ಮಗಳಿಗೂ ಅಂತಃಪುರದಲ್ಲಿ ಬಣ್ಣದ ಮಾತು ತಪ್ಪಲಿಲ್ಲವೆಂಬುದನ್ನು ಗಮನಿಸಬೇಕು.

ಇನ್ನು ನಮ್ಮ ಹೈದರಾಬಾದಿಗೆ ಬರೋಣ. ಇಲ್ಲಿನ ಸಿದ್ದಿಗಳು ಆ ಸರದಾರರ ಸಂತತಿಯೆಂದು ಭಾವಿಸಬೇಕಾಗಿಲ್ಲ. ಇವರಲ್ಲಿ ಬಹುಮಂದಿಯ ಹಿರಿಯರು ಬಂದದ್ದು ಬಹಳ ಈಚೆಗೆ, ಸಾಮಾನ್ಯ ಸಿಪಾಯಿಗಳಾಗಿ. ವನಪರ್ತಿ ಸಂಸ್ಥಾನದ ರಾಜರು ಆಫ್ರಿಕಾದವರ ಒಂದು ಸವಾರರ ಪಡೆಯನ್ನು ಕಟ್ಟಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ನಿಜಾಮರ ಸೈನ್ಯಕ್ಕೆ ಸೇರಿತು. ಅದೇ ‘ಆಫ್ರಿಕನ್ ಕ್ಯಾವಲ್ರಿ ಗಾರ್ಡ್ಸ್’. ಮಾಸಾಬ್ ಟ್ಯಾಂಕಿನ ಹತ್ತಿರ ಅವರಿದ್ದ ಲೈನುಗಳೇ ಇಂದಿನ ಏ.ಸಿ. ಗಾರ್ಡ್ಸ್ ಬಡಾವಣೆ. ದಿನವೂ ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವ ನಮ್ಮವರಲ್ಲಿ ಎಷ್ಟು ಮಂದಿಗೆ ಆ ಎರಡಕ್ಷರಗಳ ವಿಸ್ತಾರ ಗೊತ್ತೋ! ನಿಜಾಮರ ಸವಾರಿ ಹೊರಟಾಗ ಕುದುರೆಯ ಮೇಲೆ ಠೀವಿಯಿಂದ ಹೋಗುತ್ತಿದ್ದ ಆ ಪಡೆಯವರಲ್ಲಿ ಅನೇಕರು ಇಲ್ಲಿನ ಹೆಂಗಸರನ್ನೇ ಮದುವೆಯಾಗಿ ಇಲ್ಲಿಯವರೇ ಆದರು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಯಿತು. ಬಳಿಕ ಪಡೆ ವಿಸರ್ಜಿತವಾಯಿತು. ಕುದುರೆ ಹೋಯಿತು, ಪಗಾರ ಹೋಯಿತು. ಮನೆಗಳಲ್ಲಿ ಉಳಿದದ್ದರಲ್ಲಿ ವಾದ್ಯವೂ ಒಂದು.

ಮರ್ಫಾ ಎಂಬ ಹೆಸರು ಅರಬ್ಬರದು. ಯೆಮೆನಿನ ಹದ್ರಮೌತಿನಿಂದ ಬಂದು ನಿಜಾಮರ ಸೈನ್ಯ ಸೇರಿದ ಅರಬ್ಬರು ಊರ ದಕ್ಷಿಣಕ್ಕಿರುವ ಬಾರ್ಕಸ್‌ನಲ್ಲಿ ನೆಲೆಸಿದರು. ಬಾರ್ಕಸ್ ಎಂಬುದು ‘ಬ್ಯಾರಕ್ಸ್’ ಎಂಬುದರ ಅಪಭ್ರಂಶ. ಯೆಮೆನಿಗೂ ಆಫ್ರಿಕಾಕ್ಕೂ ನಡುವೆ ಇರುವುದು ಕಿರಿದಾದ ಒಂದು ಕಡಲು ಮಾತ್ರ. ಆ ಎರಡು ದಡಗಳ ಲಯಗಳು ಹಿಂದಿನಿಂದಲೂ ಬೆರೆತವೇ. ಹೈದರಾಬಾದಿನಲ್ಲಿ ಅರಬ್ಬನ ವಾದ್ಯ ಸಿದ್ದಿಯ ಕೈಗೂ ಬಂತು. ಮರ್ಫಾ, ಢೋಲು, ಕೋಲಿನಿಂದ ಬಡಿಯುವ ಲೋಹದ ಬಿಂದಿಗೆ: ಸಾಮಗ್ರಿ ಇಷ್ಟೇ. ಮುಂದೆ ಕತ್ತಿ ಝಳಪಿಸುತ್ತ ಕುಣಿಯುವವರು. ಮೊದಲು ಅರಬ್ಬರ, ಸಿದ್ದಿಗಳ ಮದುವೆಗಳಲ್ಲಿದ್ದದ್ದು ಊರ ಮುಸಲ್ಮಾನರ ಮದುವೆಗೆ ಬಂತು. ಅಲ್ಲಿಂದ ಎಲ್ಲರ ಬರಾತಿಗೂ, ಗಣಪತಿಯ ಮೆರವಣಿಗೆಗೂ ಬಂತು. ‘ತೀನ್ ಮಾರ್’ ಎಂಬ ಮೂರು ಪೆಟ್ಟಿನ ಗತ್ತು ಮರ್ಫಾದಿಂದ ಬಂದದ್ದೆಂದು ಹಲವರು ಹೇಳುತ್ತಾರೆ; ತೆಲಂಗಾಣದ ಡಪ್ಪಿನವರು ಅದು ತಮ್ಮದೆನ್ನುತ್ತಾರೆ. ಎರಡು ಕಡೆಯ ಹುಡುಗರೂ ಒಂದೇ ಬೀದಿಯಲ್ಲಿ ಬಾರಿಸುತ್ತ ಬೆಳೆದ ಊರಿನಲ್ಲಿ ಇದರ ತೀರ್ಪು ಕೊಡಲು ನಾವು ಮುಂದಾಗುವುದಿಲ್ಲ. ಇಷ್ಟು ಮಾತ್ರ ಹೇಳಬಹುದು: ಅರಮನೆಯ ಸಂಬಳ ನಿಂತ ಮೇಲೆ ಎಷ್ಟೋ ಸಿದ್ದಿ ಮನೆಗಳಿಗೆ ಅನ್ನ ಕೊಟ್ಟದ್ದರಲ್ಲಿ ಈ ಮದುವೆಯ ಬಡಿತಕ್ಕೂ ಪಾಲುಂಟು. ಕಲ್ಯಾಣ ಮಂಟಪದ ದೀಪಾಲಂಕಾರಕ್ಕೆ ಕೇಳಿದಷ್ಟು ಕೊಟ್ಟು, ಮರ್ಫಾದವರೊಡನೆ ನೂರಿನ್ನೂರಕ್ಕೆ ಚೌಕಾಸಿ ಮಾಡುವ ಬೀಗರನ್ನು ನಾವು ಸನತ್‌ನಗರದಲ್ಲಿಯೇ ಬೇಕಾದಷ್ಟು ಕಂಡಿದ್ದೇವೆ.

ಕನ್ನಡಿಗರಾದ ನಾವು ಈ ವಿಷಯದಲ್ಲಿ ಹೈದರಾಬಾದಿನ ಕಡೆಗಷ್ಟೇ ನೋಡಿದರೆ ಸಾಲದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲೆ, ಮುಂಡಗೋಡುಗಳ ಕಾಡಂಚಿನಲ್ಲಿ ಕನ್ನಡವನ್ನೂ ಕೊಂಕಣಿಯನ್ನೂ ಆಡುವ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಘಟ್ಟ ಹತ್ತಿ ಕಾಡು ಸೇರಿದವರು ಇವರ ಹಿರಿಯರಲ್ಲಿ ಹಲವರು. ಇವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಒಬ್ಬರ ಮದುವೆ ಇಗರ್ಜಿಯಲ್ಲಿ, ಇನ್ನೊಬ್ಬರದು ನಿಕಾಹ್, ಮತ್ತೊಬ್ಬರದು ಮನೆಯಂಗಳದ ಚಪ್ಪರದಲ್ಲಿ. ಆದರೂ ಮತ ಬೇರೆಯೆಂದು ನೆಂಟಸ್ತನ ಮುರಿದುಕೊಂಡವರಲ್ಲ. ಹಿರಿಯರ ಪೂಜೆ ಇವರಲ್ಲಿ ಮತದ ಗೆರೆಯನ್ನು ದಾಟಿ ನಡೆದುಬಂದಿದೆ. ಅಡಕೆ ತೋಟಗಳಲ್ಲಿ ಕೂಲಿಗೆ ದುಡಿದು ಬಾಳಿದ ಈ ಜನರ ಮದುವೆಗೆ ಎಂಬತ್ತು ಸಾವಿರದ ಮತಾಪು ಎಲ್ಲಿಂದ ಬಂದೀತು? ದಮಾಮಿಯೇ ಇವರ ಸಂಭ್ರಮ. ದಮಾಮಿಯೆಂದರೆ ವಾದ್ಯದ ಹೆಸರೂ ಹೌದು, ಅದರ ಬಡಿತಕ್ಕೆ ಮುಖ್ಯವಾಗಿ ಹೆಂಗಸರು ಕೂಡಿ ಕುಣಿಯುವ ಕುಣಿತದ ಹೆಸರೂ ಹೌದು.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಮುಂದೆ ಹುಡುಗರು ಶಾಲೆ ಕಾಲೇಜುಗಳಿಗೆ, ಆಟದ ಮೈದಾನಗಳಿಗೆ ಬಂದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ಕರ್ನಾಟಕ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ದಮಾಮಿಯೂ ಅಂಗಳದಿಂದ ಉತ್ಸವಗಳ ವೇದಿಕೆಗೆ ಬಂದಿದೆ. ಗೊತ್ತುಪಡಿಸಿದ ಕೆಲವು ನಿಮಿಷಗಳಲ್ಲಿ ಕುಣಿದು ಇಳಿಯಬೇಕು. ಮದುವೆಯ ಮನೆಯಲ್ಲಿ ಹಾಗೆ ಗಡಿಯಾರ ನೋಡುವವರಿಲ್ಲ. ಹಳಿಯಾಳದ ಕಡೆಯ ಕ್ರೈಸ್ತ ನೆಂಟರೂ, ಮುಸಲ್ಮಾನ ನೆಂಟರೂ ಯಲ್ಲಾಪುರದ ಹಿಂದೂ ಮನೆಯ ಚಪ್ಪರದಡಿ ಬಂದು ಕೂತ ಮೇಲೆ, ದಮಾಮಿಯ ಸುತ್ತ ಹೆಂಗಸರು ಏಳುತ್ತಾರೆ.