ನಾಯಿಗಳಲ್ಲಿ ನೋವುನಿವಾರಕಗಳ ಅಡ್ಡಪರಿಣಾಮ: ಇತಿಹಾಸ

ನಾಯಿಗಳ ನೋವಿಗೂ ಉರಿಯೂತಕ್ಕೂ ಕೊಡುವ ಸ್ಟೀರಾಯ್ಡ್ ಅಲ್ಲದ ಔಷಧಗಳು ಜಠರ, ಮೂತ್ರಪಿಂಡ, ಯಕೃತ್ತುಗಳನ್ನು ಕೆಡಿಸಬಹುದೆಂಬ ಆತಂಕ ಹಳೆಯದು. ಭಾರತದಲ್ಲಿ ಈ ಕಥೆ ರಣಹದ್ದುಗಳ ಕಥೆಯೊಡನೆ ಕಲಸಿಹೋಗಿದೆ.

ಮೊದಲು ಬಳಕೆಯಲ್ಲಿದ್ದದ್ದು ಆಸ್ಪಿರಿನ್ ಮತ್ತು ಫಿನೈಲ್‌ಬ್ಯುಟಜೋನ್. ಇವು ಹೊಟ್ಟೆಯಲ್ಲಿ ಹುಣ್ಣು ಮಾಡುವುದೇಕೆಂದು ತಿಳಿದದ್ದು 1971ರಲ್ಲಿ ಜಾನ್ ವೇನ್ ನಡೆಸಿದ ಸಂಶೋಧನೆಯಿಂದ: ನೋವು ಹೆಚ್ಚಿಸುವ ಪ್ರೊಸ್ಟಾಗ್ಲಾಂಡಿನ್‌ಗಳೇ ಜಠರದ ಒಳಪದರವನ್ನೂ ಕಾಯುತ್ತವೆ, ಮದ್ದು ಎರಡು ಕೆಲಸವನ್ನೂ ನಿಲ್ಲಿಸುತ್ತದೆ.

ಮನುಷ್ಯರ ಮಾತ್ರೆಯ ವಿಚಾರ ಬೇರೆ. ನ್ಯಾಪ್ರೊಕ್ಸೆನ್ ನಮ್ಮ ರಕ್ತದಲ್ಲಿ ಅರ್ಧದಷ್ಟಾಗಲು ಸುಮಾರು ಅರ್ಧ ದಿನ ಸಾಕು, ನಾಯಿಯಲ್ಲಿ ಮೂರು ದಿನ ಬೇಕು. ಧರ್ಮಪುರಿ ಜಿಲ್ಲೆಯ ಹರೂರಿರಲಿ, ಬೆಂಗಳೂರಿರಲಿ, ಕುಂಟುವ ನಾಯಿಗೆ ಮನೆಯ ಡಬ್ಬಿಯಲ್ಲಿರುವ ಗುಳಿಗೆ ಕೊಡುವ ಆಸೆ ಸಹಜ. ಅಪಾಯ ಅಲ್ಲೇ ಇದೆ.

ನಾಯಿಗೆಂದೇ ಬಂದ ಕಾರ್ಪ್ರೊಫೆನ್ 1997ರಲ್ಲಿ ಅಮೆರಿಕದ ಮಾರುಕಟ್ಟೆಗೆ ಇಳಿಯಿತು. ಮರುವರ್ಷವೇ ಅದನ್ನು ತೆಗೆದುಕೊಂಡ 21 ನಾಯಿಗಳ ಯಕೃತ್ತು ಹಾನಿಗೊಳಗಾದ ವರದಿ ಪ್ರಕಟವಾಯಿತು. ಅವುಗಳಲ್ಲಿ 13 ಲ್ಯಾಬ್ರಡಾರ್. ಆ ತಳಿಗೇ ಅಪಾಯ ಹೆಚ್ಚೆಂಬ ಮಾತು ಇಂದಿಗೂ ಉಳಿದಿದೆ. ಆದರೆ ಅಲ್ಲಿ ಲ್ಯಾಬ್ರಡಾರ್ ಸಾಕುವವರೇ ಬಹಳ, ಕೀಲುನೋವಿನಿಂದಾಗಿ ಮಾತ್ರೆ ನುಂಗುವುದೂ ಅವೇ ಹೆಚ್ಚು. 21ರ ಲೆಕ್ಕದಿಂದ ತಳಿಯ ದೋಷ ಸಾಬೀತಾಗದು. ಅನಂತರ ಬಂದ ಡೆರಾಕಾಕ್ಸಿಬ್, ಫಿರೊಕಾಕ್ಸಿಬ್‌ಗಳು ಜಠರಕ್ಕೆ ಮೃದು ಎನಿಸಿಕೊಂಡರೂ ಹುಣ್ಣಿನ ವರದಿಗಳು ನಿಲ್ಲಲಿಲ್ಲ. ಬೇರೆ ಬಗೆಯ ಚುಚ್ಚುಮದ್ದಾದ ಬೆಡಿನ್ವೆಟ್ಮಾಬ್‌ಗೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. 2024ರ ಡಿಸೆಂಬರ್‌ನಲ್ಲಿ ಅಲ್ಲಿನ ಔಷಧ ಆಡಳಿತ ತಟ್ಟಾಡುವಿಕೆ, ಸೆಳವುಗಳ ಬಗ್ಗೆ ಪಶುವೈದ್ಯರನ್ನು ಎಚ್ಚರಿಸಿತು. ಚುಚ್ಚಿಸಿಕೊಂಡವು ಬಹುಪಾಲು ಮುದಿ ನಾಯಿಗಳು, ಹಾಗಾಗಿ ಕಾರಣ ಮದ್ದೋ ವಯಸ್ಸೋ ಎಂಬ ತಕರಾರು ಮುಗಿದಿಲ್ಲ.

ಇನ್ನು ಭಾರತದ ಗೊಂದಲ. ಪಶುಗಳಿಗೆ ಡೈಕ್ಲೊಫೆನಾಕ್ ಕೊಡುವುದನ್ನು ನಿಲ್ಲಿಸುವ ಆದೇಶ 2006ರದು, ಗೆಜೆಟ್ ಅಧಿಸೂಚನೆ 2008ರದು. ಬರಹಗಾರರು ಒಮ್ಮೆ ಒಂದನ್ನು, ಒಮ್ಮೆ ಇನ್ನೊಂದನ್ನು ನಿಷೇಧದ ವರ್ಷವೆನ್ನುತ್ತಾರೆ. ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್‌ಗಳಿಗೆ 2023ರಲ್ಲಿ, ನಿಮೆಸುಲೈಡ್‌ಗೆ 2024ರ ಕೊನೆಯಲ್ಲಿ ತಡೆ ಬಿತ್ತು. ಇವೆಲ್ಲ ನಾಯಿಯ ಜಠರ ನೋಡಿ ಮಾಡಿದ್ದಲ್ಲ. ಮದ್ದು ಪಡೆದು ಸತ್ತ ದನದ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಸಾಯುವುದನ್ನು ತಡೆಯಲು. ಬದಲಿಯಾಗಿ ಮುಂದೆ ಬಂದ ಮೆಲಾಕ್ಸಿಕಾಮ್ ಹದ್ದಿಗೆ ನಿರಪಾಯವೆಂದು ಪರೀಕ್ಷೆಯಲ್ಲಿ ಕಂಡುಬಂತು. ಅದನ್ನೇ ನಾಯಿಗೂ ನಿರಪಾಯವೆಂದು ಓದಿಕೊಳ್ಳುವಂತಿಲ್ಲ: ನಾಯಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಮೊದಲ ದಿನ ಕಿಲೋ ತೂಕಕ್ಕೆ 0.2 ಮಿಲಿಗ್ರಾಂ, ಮುಂದೆ 0.1. ಅದನ್ನು ಮೀರಿದರೆ, ಇಲ್ಲವೇ ಜೊತೆಗೆ ಸ್ಟೀರಾಯ್ಡ್ ಸೇರಿದರೆ, ಕರುಳಿನಲ್ಲಿ ತೂತು ಬೀಳುವವರೆಗೂ ಹೋಗಬಹುದು.